ಅನಾಟಮಿಗೇ ಯಾಕ ಅಂತ ಕೇಳಿದ್ದೆಯಲ್ಲ, ದೋಸ್ತ

ಪ್ರೀತಿಯ ದೋಸ್ತ,

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಅಪ್ಪನ ಹೆಸರಿನ ಪದಕವನ್ನು ಅನಾಟಮಿಗೇ, ಅಂದರೆ ಹೆಣ ಕೊಯ್ದು ದೇಹರಚನೆ ಕಲಿಸುವ ವಿಷಯಕ್ಕೇ, ಯಾಕೆ ಇಟ್ಟೆ ಅಂತ ನೀನು ಕೇಳಿದ್ದೆ. ಗ್ರೂಪಿನಲ್ಲೇ ಉತ್ತರ ಬರೆಯೋಣ ಅಂತ ಎರಡು ಸಲ ಟೈಪ್ ಮಾಡಿ ಎರಡು ಸಲ ಅಳಿಸಿದೆ. ಅಲ್ಲಿ ಬ್ಯಾಚಿನವರೆಲ್ಲ ಇದ್ದಾರೆ. ಇಲ್ಲಿ ಅದಕ್ಕಿಂತ ಹೆಚ್ಚು ಜನ ಓದುತ್ತಾರೆ, ಗೊತ್ತು. ಆದರೂ ಇಲ್ಲೇ ಬರೆಯುತ್ತೇನೆ. ನಿನಗೊಬ್ಬನಿಗೇ ಬರೆದರೆ ನೀನು 'ಇರ್ಲಿ ಬಿಡೋ' ಅಂದುಬಿಡುತ್ತೀ, ನಾನೂ ಇರಲಿ ಅಂತ ಬಿಟ್ಟುಬಿಡುತ್ತೇನೆ. ಆರು ವರ್ಷದಿಂದ ಹಾಗೇ ಬಿಟ್ಟುಕೊಂಡು ಬಂದದ್ದು ಸಾಕು.

ಮೊದಲು ಸುದ್ದಿ. 1999ರ ನಮ್ಮ ಬ್ಯಾಚು ಇಪ್ಪತ್ತೈದು ವರ್ಷದ ಮೇಲೆ ವಿಜಯಪುರದಲ್ಲಿ ಕೂಡಿತು. ನೀನೊಬ್ಬ ಬರಲಿಲ್ಲ. ನಿನ್ನ ಕುರ್ಚಿ ಮೇಲೆ ಇಂಡಿ ಗೌಡ ಹಸಿರು ಟವೆಲ್ ಹಾಸಿ ಇಟ್ಟಿದ್ದ, ಯಾಕೆ ಅಂತ ನಿನಗೆ ಹೇಳಬೇಕಿಲ್ಲ. ಮೆಸ್ಸಿನ ಕಾಕಾ ಬಂದಿದ್ದರು. ಕಣ್ಣು ಸರಿಯಾಗಿ ಕಾಣುವುದಿಲ್ಲ, ದನಿ ಹಿಡಿದೇ ಒಬ್ಬೊಬ್ಬರ ರೂಮ್ ನಂಬರ್ ಹೇಳಿದರು. ನಿನ್ನದು ನಲವತ್ತೊಂದು ಅಂತ, ನೀನಿಲ್ಲದಿದ್ದರೂ, ತಾವೇ ಕೇಳಿದರು: 'ನಲವತ್ತೊಂದು ಎಲ್ಲಿ ಹೋತು?' ವಿಲಾಯತಿಗೆ ಹೋಗೇತ್ರಿ ಕಾಕಾ ಅಂದ್ವಿ.

ಇನ್ನೊಂದು ಸುದ್ದಿ ಯಾರೂ ಗ್ರೂಪಿಗೆ ಹಾಕಿಲ್ಲ. ನಮ್ಮ ಲೈಬ್ರರಿ ಅಕ್ಕ ಇದ್ದಾಳಲ್ಲ, ತಾಲೂಕಿನ ಊರಿನಲ್ಲಿ ಹಗಲು ರಾತ್ರಿ ಹೆರಿಗೆ ಮಾಡಿಸಿಕೊಂಡು ಇರುವವಳು, ಅವಳು ಹಲವು ವರ್ಷದಿಂದ ಬಡ ಮಕ್ಕಳ ಫೀ ಕಟ್ಟುತ್ತಾ ಬಂದಿದ್ದಾಳೆ. ಸಮಾರಂಭದಲ್ಲಿ ಒಬ್ಬ ಇಂಟರ್ನ್ ಹುಡುಗಿ ಓಡಿ ಬಂದು ಅವಳ ಕಾಲಿಗೆ ಬಿದ್ದಾಗಲೇ ನಮಗೆ ಗೊತ್ತಾದದ್ದು. ನಿರೂಪಕರು ಮೈಕ್ ಹಿಡಿದು ಹೆಸರು ಹೇಳಲು ಹೋದರೆ ಅವಳು ಅರ್ಧ ಎದ್ದು ಕೈ ಬೀಸಿ, 'ಬ್ಯಾಡ್ರಿ, ಹೆಸರು ಬ್ಯಾಡ' ಅಂದಳು. ಆ ಕೈಯನ್ನು ನಾನು ನೋಡುತ್ತಾ ಕೂತಿದ್ದೆ. ಮುಂದಿನ ಹೆಸರು ನನ್ನದಿತ್ತು.

ಫೋಟೋದಲ್ಲಿ ಉಳಿದದ್ದು ನೋಡಿದ್ದೀ. ಐದು ಲಕ್ಷ ರೂಪಾಯಿಯ ಠೇವಣಿ. ಅದರ ಬಡ್ಡಿಯಲ್ಲಿ ಪ್ರತಿವರ್ಷ ಅನಾಟಮಿಯಲ್ಲಿ ಮೊದಲು ಬಂದ ವಿದ್ಯಾರ್ಥಿಗೆ ನಮ್ಮ ಅಪ್ಪನ ಹೆಸರಿನಲ್ಲಿ ಪದಕ. ಡಿಸೆಕ್ಷನ್ ಹಾಲಿನ ಹೊರಗಿನ ಗೋಡೆಗೆ ಕರಿಕಲ್ಲಿನ ಫಲಕ, 'ಸ್ಮರಣಾರ್ಥ' ಅಂತ. ಶಾಲು, ಹಾರ, ಚಪ್ಪಾಳೆ. ಅದರ ಕೆಳಗೆ ನೀನು ಬರೆದದ್ದು: 'ನೀ ಮೆಡಿಸಿನ್‌ನವ. ಅನಾಟಮಿಗೇ ಯಾಕ?'

ಮರುದಿನ ಮುಂಜಾನೆ ಎಲ್ಲರೂ ಗೋಲಗುಮ್ಮಟಕ್ಕೆ ಹೋದೆವು. ಇವರೆಲ್ಲ ಮೇಲೆ ಹತ್ತಿ, ಹಳೇ ಚಾಳಿಯಂತೆ ನಿನ್ನ ಹೆಸರು ಕೂಗಿದರು. ಗುಮ್ಮಟ ತಿರುತಿರುಗಿ ಅದನ್ನೇ ಕೂಗಿತು. ನನಗೆ ಮೊಣಕಾಲು ನೋವು, ಕೆಳಗೇ ಕಟ್ಟೆಯ ಹತ್ತಿರ ನಿಂತೆ. ಮಹಮ್ಮದ್ ಆದಿಲ್‌ಶಾಹನ ಗೋರಿ ಅಂತ ಜನ ಫೋಟೋ ಹೊಡೆದುಕೊಳ್ಳುತ್ತಿದ್ದರು. ಈ ಊರಿನಲ್ಲಿ ಓದಿದವರಿಗೆ ಗೊತ್ತಿರುವ ಮಾತು: ಕಟ್ಟೆ ಮೇಲೆ ಕಾಣುವವು ಗೋರಿಯ ಗುರುತು ಮಾತ್ರ, ನಿಜವಾದ ಗೋರಿಗಳು ಕೆಳಗೆ ನೆಲಮಾಳಿಗೆಯಲ್ಲಿವೆ. ಎಷ್ಟೋ ಸಲ ಊರಿಗೆ ಬಂದ ನೆಂಟರಿಗೆ ನಾನೇ ಹೇಳಿದ ಮಾತಿದು. ಅವತ್ತು ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ನಿನ್ನೆ ನಾನು ಗೋಡೆಗೆ ಹಚ್ಚಿಸಿದ ಕಲ್ಲು ಕಣ್ಣ ಮುಂದೆ ಬಂತು.

ನಾಲ್ಕನೇ ಟೇಬಲ್ ನೆನಪಿದೆಯಾ? ಹತ್ತು ಮಂದಿ ಸುತ್ತ ನಿಂತಿದ್ದೆವು. ಫಾರ್ಮಲಿನ್ನಿಗೆ ಕಣ್ಣು ಉರಿದು, ಅಳುತ್ತಿರುವವರ ಹಾಗೆ ಕಾಣುತ್ತಿದ್ದೆವು, ಅಳುತ್ತಿದ್ದವರು ಯಾರೂ ಇರಲಿಲ್ಲ. ಅಂಗೈ ನನ್ನ ಪಾಲಿಗೆ ಬಂದಿತ್ತು. ಆ ಮನುಷ್ಯನ ಅಂಗೈ ಎಷ್ಟು ಗಟ್ಟಿ ಇತ್ತೆಂದರೆ ಮೊದಲ ಬ್ಲೇಡ್ ಜಾರಿತು, ಎರಡನೆಯದು ಮೊಂಡಾಯಿತು. ಬೆರಳ ಬುಡದಲ್ಲೆಲ್ಲ ಜಡ್ಡು, ಗುದ್ದಲಿಯದೋ ಹಮಾಲಿಯದೋ. ಚರ್ಮ ಬಿಡಿಸಿದ ಮೇಲೆ ಕೆಳಗೆ ಬೆಳ್ಳಗಿನ ಪೊರೆ, ಮಣಿಕಟ್ಟಿನಿಂದ ಹೊರಟು ಬೀಸಣಿಗೆಯಂತೆ ನಾಲ್ಕೂ ಬೆರಳಿಗೆ ಹರಡಿಕೊಂಡಿತ್ತು. ಅಷ್ಟು ಚೆಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಉಂಗುರದ ಬೆರಳಿನ ಸುತ್ತ ಒಂದು ತಗ್ಗು ಇತ್ತು, ಬಹಳ ವರ್ಷ ಉಂಗುರ ಹಾಕಿದ ಗುರುತು. ಉಂಗುರ ಇರಲಿಲ್ಲ.

ನಾವು ಆತನಿಗೆ ಇಟ್ಟ ಹೆಸರು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದೆ. ಎಷ್ಟು ನಕ್ಕಿದ್ದೆವು ಅನ್ನುವುದೂ ನೆನಪಿರಬೇಕು.

ಆ ದೀಪಾವಳಿಗೆ ಊರಿಗೆ ಹೋದಾಗ ಕಟ್ಟೆಗೆ ಕೂತು ಅಪ್ಪನಿಗೆ ಎಲ್ಲ ಹೇಳಿದೆ, ಅಂಗೈಯದ್ದು, ಪೊರೆಯದ್ದು. ಉಂಗುರದ ತಗ್ಗಿನ ಮಾತು ಬಂದಾಗ ಅಪ್ಪ ಕೇಳಿದರು, 'ಅಂವ ಯಾರು?' ವಾರಸುದಾರರಿಲ್ಲದ ಹೆಣ ಅಪ್ಪಾ, ಹಂಗಂತ ಕಾಯ್ದೆ ಐತಿ, 1957ರಿಂದ ಐತಿ, ಯಾರೂ ಕೇಳಾಕ ಬರದಿದ್ರ ಕಾಲೇಜಿಗೆ ಕೊಡ್ತಾರ ಅಂದೆ. 'ಉಂಗುರ ಹಾಕಿದವರು ಇದ್ರು ಅಂದಮ್ಯಾಲ ಅಂವ ಯಾರೂ ಇಲ್ಲದಾವ ಹೆಂಗಾದ?' ಅಂದರು. ಪ್ರಾಥಮಿಕ ಶಾಲೆಯ ಮಾಸ್ತರು ಅವರು, ಉತ್ತರ ಬರದ ಪ್ರಶ್ನೆ ಕೇಳಿ ಸುಮ್ಮನಾಗುವುದು ಅವರ ರೂಢಿ. ನಾನು ಮರೆತೆ. ಅವರು ಮರೆಯಲಿಲ್ಲ.

2010ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆ ದಾನ ಮಾಡಿದ ದೇಹವನ್ನು ತಾವೇ ವಿದ್ಯಾರ್ಥಿಗಳ ಎದುರು ಛೇದನ ಮಾಡಿ ತೋರಿಸಿದ ಸುದ್ದಿ ನಿನಗೆ ನೆನಪಿರಬಹುದು. ಬೈಲಹೊಂಗಲದ ಮನೆತನ ಅವರದು. ಅಪ್ಪ ಆ ಪೇಪರ್ ತುಣುಕು ಕತ್ತರಿಸಿ ಡೈರಿಯಲ್ಲಿಟ್ಟರು. ದಾನದ ಮಾತು ಬಂದರೆ ಅಲ್ಲಿಯವರೆಗೆ ಅವರ ಬಾಯಲ್ಲಿ ಒಂದೇ ಹೆಸರು, ಫ.ಗು. ಹಳಕಟ್ಟಿಯವರದು: ವಚನಗಳು ಅಚ್ಚಾಗಲಿ ಅಂತ ಇದ್ದ ಮನೆ ಮಾರಿ ಇದೇ ವಿಜಯಪುರದಲ್ಲಿ ಮುದ್ರಣಾಲಯ ಹಾಕಿದವರು. ಅವತ್ತಿನಿಂದ ಎರಡು ಹೆಸರಾದವು. ಎರಡು ವರ್ಷದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ದೇಹದಾನದ ಫಾರ್ಮಿಗೆ ಸಹಿ ಹಾಕಿದರು. ಹತ್ತಿರದ ಸಂಬಂಧಿಯ ಜಾಗದಲ್ಲಿ ಸಹಿ ನನ್ನದು. ಬರುವಾಗ ಬಸ್ಸಿನಲ್ಲಿ ಅಂದರು: 'ಯಾರೂ ಇಲ್ಲದಾವನ ಮೈ ಮ್ಯಾಲ ನೀ ಕಲತಿ. ಎಲ್ಲಾರೂ ಇದ್ದಾವಂದೂ ಒಂದು ಅಲ್ಲಿ ಇರ್ಲಿ.'

ದೋಸ್ತ, ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ನಿನ್ನ ಪ್ರಶ್ನೆಗೆ ಇಷ್ಟೇ ಸಾಕಿತ್ತು.

2019ರ ಸಂಕ್ರಾಂತಿ ಆಗಿ ನಾಲ್ಕನೇ ದಿನ, ನಸುಕಿನ ಮೂರು ಗಂಟೆಗೆ ಅವ್ವನ ಫೋನ್. ನಿದ್ದೆಯಲ್ಲೇ ಹೋಗಿದ್ದರು. ನಾನು ಐದೂವರೆಗೆ ಊರು ಮುಟ್ಟಿದೆ. ನಾಡಿ ನೋಡಿದೆ, ಕಣ್ಣಿಗೆ ಬ್ಯಾಟರಿ ಹಿಡಿದೆ, ನಮಗೆ ಕಲಿಸಿದ್ದೆಲ್ಲ ಮಾಡಿದೆ. ಬಲಗೈಯ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗಿದ್ದವು, ಖಡು ಹಿಡಿದು ಬೋರ್ಡಿನ ಮುಂದೆ ನಿಂತವರ ಹಾಗೆ. ಅಂಗಿಯ ಕಿಸೆಯಲ್ಲಿ ದೇಹದಾನದ ಆ ಕಾರ್ಡ್ ಇತ್ತು. ಲ್ಯಾಮಿನೇಟ್ ಮಾಡಿಸಿದ್ದು, ಫೋನ್ ನಂಬರ್ ಮೇಲೆ ಕೆಂಪು ಪೆನ್ನಿನ ಗೆರೆ. ಯಾರೂ ನೋಡದ ಹಾಗೆ ತೆಗೆದು ನನ್ನ ಕಿಸೆಗೆ ಹಾಕಿಕೊಂಡೆ.

ಏನೇನು ಬೇಕು ಅನ್ನುವುದು ನನಗೆ ಗೊತ್ತಿತ್ತು. ಸಾವಿನ ಕಾರಣದ ಸರ್ಟಿಫಿಕೇಟ್ ನಾನೇ ಬರೆಯಬಹುದಿತ್ತು. ಆರೆಂಟು ತಾಸಿನೊಳಗೆ ಕಾಲೇಜು ಮುಟ್ಟಿಸಬೇಕು. ದಾರಿ ಎರಡು ತಾಸಿನದು. ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯವರು ಒಪ್ಪಿ ಕೊಡಬೇಕು. ಬದುಕಿದ್ದಾಗ ಹಾಕಿದ ಸಹಿ ಬರೀ ಇಚ್ಛೆ, ದೋಸ್ತ. ಹೋದವರು ಕೊಡುವ ದಾನವಲ್ಲ ಅದು, ಉಳಿದವರು ಕೊಡುವ ದಾನ. ಅಪ್ಪ ತಮ್ಮ ಪಾಲಿನದು ಮಾಡಿ ಮುಗಿಸಿದ್ದರು.

ಬೆಳಗಾಗುವಷ್ಟರಲ್ಲಿ ಕಾಕಾ, ಅಪ್ಪನ ತಮ್ಮ, ಬಂದರು. ಸ್ವಾಮಿಗಳಿಗೆ ಹೇಳಿ ಕಳಿಸಿದರು, ಅಪ್ಪನನ್ನು ಕೂಡ್ರಿಸಿ ಒಯ್ಯುವ ವಿಮಾನ ಕಟ್ಟಲು ಬಾಳೆಗಿಡ ತರಿಸಿದರು. ಅಪ್ಪನನ್ನು ಪಡಸಾಲೆಯ ಗೋಡೆಗೆ ಕೂಡ್ರಿಸಿ ವಿಭೂತಿ ಹಚ್ಚಿದರು. ಭಜನಿ ಶುರುವಾಯಿತು. ನಾನು ಹಿತ್ತಲಿಗೆ ಹೋಗಿ, ಬಣವಿಯ ಮರೆಗೆ ನಿಂತು, ಕಾರ್ಡಿನ ನಂಬರಿಗೆ ಫೋನ್ ಹಚ್ಚಿದೆ. ಒಂದೇ ಒಂದು ರಿಂಗ್ ಆಯಿತು. ಕಟ್ ಮಾಡಿದೆ.

ಮಂದಿ ಏನಂದಾರು ಅನ್ನುವ ಅಂಜಿಕೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಕಾಕಾ ಬೈಯುತ್ತಿದ್ದರು, ಖರೆ, ಸಂಜೆಗೆ ಸಮಾಧಾನವಾಗುತ್ತಿದ್ದರು. ಅದು ಕಾರಣವಲ್ಲ. ಒಳಗೆ ಏನು ನಡೆಯುತ್ತದೆ ಅನ್ನುವುದು ಆ ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಮೊದಲು ಕೈ, ಆಮೇಲೆ ಕಾಲು, ಎದೆ, ಹೊಟ್ಟೆ, ಕೊನೆಗೆ ತಲೆ. ಹದಿನೆಂಟು ವರ್ಷದ ಒಬ್ಬ ಹುಡುಗ ಆ ಖಡು ಹಿಡಿದ ಕೈಯನ್ನು ಬಿಡಿಸಿ ಬ್ಲೇಡ್ ಇಡುತ್ತಾನೆ. ಪಕ್ಕದವನು ಒಂದು ಹೆಸರಿಡುತ್ತಾನೆ. ಹತ್ತು ಮಂದಿ ನಗುತ್ತಾರೆ. ಅಪ್ಪನಿಗೆ ಒಂದು ಹೆಸರಿಡುತ್ತಾರಲ್ಲ ಅನ್ನುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಾಲ್ಕನೇ ಟೇಬಲ್ಲಿನವನಿಗೂ ಒಬ್ಬ ಮಗ ಇದ್ದಿರಬಹುದು ಅಂತ ಅವತ್ತು ಮೊದಲ ಸಲ ಅನ್ನಿಸಿತು. ಅಂದರೂ ಫೋನ್ ಮತ್ತೆ ಹಚ್ಚಲಿಲ್ಲ. ಗಡಿಯಾರ ಹನ್ನೊಂದು ದಾಟಿದಾಗ, ಇನ್ನು ಒಯ್ದರೂ ಉಪಯೋಗವಿಲ್ಲ ಅಂದುಕೊಂಡಾಗ, ನನಗೆ ಹಗುರಾಯಿತು. ಆ ಹಗುರಾದದ್ದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಸಂಜೆ ಹೊಲದಲ್ಲಿ ಮಣ್ಣು ಮಾಡಿದೆವು.

2023ರ ಜನವರಿಯಲ್ಲಿ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದಾಗ ಸೈನಿಕ ಶಾಲೆಯ ಮೈದಾನದ ಸಾಲಿನಲ್ಲಿ ನಾನೂ ನಿಂತಿದ್ದೆ. ಅಷ್ಟು ಜನ, ಅಷ್ಟು ಮೌನ. ದೇಹವನ್ನು ಹೂಳಬೇಡಿ, ಅಗ್ನಿಗೆ ಅರ್ಪಿಸಿ, ಸ್ಮಾರಕ ಕಟ್ಟಬೇಡಿ ಅಂತ ಅವರು 2014ರಲ್ಲೇ ಬರೆದಿಟ್ಟಿದ್ದರು. ಲಕ್ಷಾಂತರ ಜನರಿಗೆ ಗದ್ದುಗೆ ಬೇಕಿತ್ತು, ಹಣೆ ಇಡಲು ಒಂದು ಜಾಗ ಬೇಕಿತ್ತು. ಆದರೂ ಉಳಿದವರು ಅವರು ಬರೆದಂತೆಯೇ ನಡೆಸಿಕೊಟ್ಟರು. ಆ ಸಾಲಿನಲ್ಲಿ ನಿಂತು ನಾನು ನನ್ನ ಕಿಸೆ ಮುಟ್ಟಿ ನೋಡಿಕೊಂಡೆ. ಕಾರ್ಡ್ ಈಗಲೂ ನನ್ನ ಪಾಕೀಟಿನಲ್ಲೇ ಇದೆ.

ಅನಾಟಮಿಗೇ ಯಾಕೆ ಅಂದರೆ ಇದಕ್ಕೆ. ದೇಹ ಕೊಡಬೇಕಾಗಿದ್ದ ಜಾಗದಲ್ಲಿ ರೊಕ್ಕ ಕೊಟ್ಟೆ. ಪದಕದಿಂದ ಒಳ್ಳೆಯದೇ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ, ಯಾವುದೋ ಹಳ್ಳಿಯ ಹುಡುಗಿ ಅದನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಹೋದರೆ ಅಪ್ಪನಿಗೂ ಸಂತೋಷವೇ. ಆದರೆ ಅವರು ಅದನ್ನು ಕೇಳಿರಲಿಲ್ಲ.

ಗುಮ್ಮಟದಿಂದ ಬಂದವನೇ ಊರಿಗೆ ಹೋದೆ. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಾಕೀಟಿನಿಂದ ಕಾರ್ಡ್ ತೆಗೆದು ಅವಳ ಮುಂದೆ ಇಟ್ಟು ಎಲ್ಲ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕೈಯ ಹಿಟ್ಟು ಒರೆಸಿಕೊಂಡು, ಕಾರ್ಡಿನ ಫೋಟೋ ನೋಡಿದಳು. 'ಈ ಅಂಗಿ ನಾನಾ ಇಸ್ತ್ರಿ ಮಾಡಿ ಕೊಟ್ಟಿದ್ನೆಪಾ, ಫೋಟೋಕ್ಕ' ಅಂದಳು. ಅಂದರೆ ಅವಳಿಗೆ ಮೊದಲಿನಿಂದ ಗೊತ್ತಿತ್ತು. 'ಮತ್ತ ಅವತ್ತು ಯಾಕ ಸುಮ್ಮನಿದ್ದಿ ಅವ್ವಾ?' ಅಂದೆ. 'ಡಾಕ್ಟರ್ ನೀನು. ನೀ ಏನರೆ ಅಂತೀ ಅಂತ ನಿನ್ನ ಮಾರಿ ನೋಡಕೋತ ಕುಂತಿದ್ದೆ. ನೀ ಬಾಯಿ ತಗದಿದ್ರ ನಾ ಹೂಂ ಅಂತಿದ್ದೆ.'

ಆಮೇಲೆ ಎರಡು ರೊಟ್ಟಿ ಬಡಿದು, ಮೂರನೆಯದು ಹಂಚಿಗೆ ಹಾಕುವಾಗ ಅಂದಳು: 'ನನ್ನ ಹೆಸರ್ಲೆ ಒಂದು ಬರಸು.'

ಫಾರ್ಮ್ ತಂದಿದ್ದೇನೆ. ಅನಾಟಮಿಯ ಈಗಿನ ಮೇಡಂ ಕೊಟ್ಟರು, ನಮಗಿಂತ ಚಿಕ್ಕವರು. ಈಗಿನ ಮಕ್ಕಳು ಮೊದಲ ದಿನ ಟೇಬಲ್ಲಿನ ಮುಂದೆ ಕೈಮುಗಿದು ನಿಂತು ಪ್ರಮಾಣ ಮಾಡುತ್ತಾರಂತೆ, ಇವರೇ ನಮ್ಮ ಮೊದಲ ಗುರು ಅಂತ. ಹೆಸರಿಡುವುದಿಲ್ಲವಾ ಅಂತ ಕೇಳಲು ನಾಲಿಗೆ ಏಳಲಿಲ್ಲ. ಅವ್ವನ ಫಾರ್ಮ್ ಹನ್ನೊಂದು ದಿನದಿಂದ ನನ್ನ ಬ್ಯಾಗಿನಲ್ಲಿದೆ. ನನ್ನದಕ್ಕೆ ಸಹಿ ಹಾಕಿ ಮುಗಿಸಿದೆ, ಅದು ಸುಲಭವಿತ್ತು. ಅವಳದನ್ನು ಇನ್ನೂ ಹೊರಗೆ ತೆಗೆದಿಲ್ಲ.

ಬಹಳ ಬರೆದೆ. ಹೋಗಲಿ, ಈಗ ಕೇಳು. ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿದೆ, ಇನ್ನೊಂದು ವಾರಕ್ಕೆ ಸೀತನಿ ಹದಕ್ಕೆ ಬರುತ್ತದೆ. ಅವ್ವ ಶೇಂಗಾ ಹಿಂಡಿ, ಬಳ್ಳೊಳ್ಳಿ ಹಿಂಡಿ ಎರಡೂ ಕುಟ್ಟಿಟ್ಟಿದ್ದಾಳೆ. ಇಂಡಿ ಗೌಡ ಹಸಿರು ಟವೆಲ್ ಒಗೆಯದೆ ಹಾಗೇ ಇಟ್ಟಿದ್ದೇನೆ ಅಂತ ನಿನಗೆ ತಿಳಿಸಲು ಹೇಳಿದ್ದಾನೆ. ಮೆಸ್ಸಿನ ಕಾಕಾನಿಗೆ ನಲವತ್ತೊಂದು ಬರ್ತೈತಿ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ. ಟಿಕೆಟ್ ತಗೊಂಡು ಫೋನ್ ಹಚ್ಚು. ಒಂದು ರಿಂಗಿಗೆ ಕಟ್ ಮಾಡಬೇಡ.

ನಿನ್ನ
ನಲವತ್ತೆರಡು