ಮಾನ್ಯ ಶಾಸಕರೇ, ಆ ಚಾವಿ ಯಾರ ಹತ್ತಿರ ಇದೆ?

ನಮ್ಮ ಕ್ಷೇತ್ರದ ಶಾಸಕರಿಗೆ,
ಕಲಬುರಗಿ ಜಿಲ್ಲೆಯ ಒಬ್ಬ ಮತದಾರನ ನಮಸ್ಕಾರಗಳು.

ಇದು ನಿಮಗೆ ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಸ್ವೀಕೃತಿ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ಸಂಖ್ಯೆಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಈ ಸಲ ನಾಲ್ಕು ಜನ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೇಳುವುದು ದೊಡ್ಡದೇನಲ್ಲ. ಇಬ್ಬರು ಮನುಷ್ಯರನ್ನು ಕೊಡಿ. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಚಾವಿ ಹಿಡಿದು ಕೂರಲು ಒಬ್ಬರು, ಮಳೆಗಾಲ ಮುಗಿಯುವತನಕ ಜಲಪಾತದ ಹತ್ತಿರ ಹಗ್ಗ, ಸೀಟಿ ಹಿಡಿದು ನಿಲ್ಲಲು ಒಬ್ಬರು. ಅಷ್ಟೇ.

ಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು. ಅವ್ವ ಹೋದಮೇಲೆ ತವರು ಅಂದರೆ ನಾನು ಮತ್ತು ತಮ್ಮ, ಇಬ್ಬರೇ. ತಮ್ಮ ಬೆಂಗಳೂರಿನಿಂದ ಕಾರು ತಂದಿದ್ದ. ಮೂವರೂ ಕೂಡಿ ಎಲ್ಲಿಗಾದರೂ ಹೋಗಿ ಹದಿನೆಂಟು ವರ್ಷವಾಗಿತ್ತು. ಹಬ್ಬ ಮುಗಿದ ಮೂರನೇ ದಿನ, ಶನಿವಾರ, ಬುತ್ತಿ ಕಟ್ಟಿಕೊಂಡು ಹೊರಟೆವು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳಿದ ಉಂಡಿಗಳು. ರಸ್ತೆಯ ಎರಡೂ ಬದಿ ಮೊಳಕಾಲೆತ್ತರದ ತೊಗರಿ. ಮೊದಲು ಜಲಪಾತ, ಆಮೇಲೆ ಅಕ್ಕ ನಲವತ್ತು ವರ್ಷದಿಂದ ನೋಡಬೇಕು ಅನ್ನುತ್ತಿದ್ದ ವಸ್ತುಸಂಗ್ರಹಾಲಯ.

ನಮ್ಮ ಕಡೆ ಬರೀ ಬಿಸಿಲು ಅನ್ನುವವರಿಗೆ ಚಿಂಚೋಳಿ ಕಾಡಿನ ಎತ್ತಿಪೋತ, ಗುರುಮಠಕಲ್ ಹತ್ತಿರದ ನಜರಾಪುರ, ನಾರಾಯಣಪುರದ ಬಳಿಯ ಛಾಯಾ ಭಗವತಿ, ಯಾವುದೂ ಗೊತ್ತಿರುವುದಿಲ್ಲ. ನಾವು ಹೋದ ಜಲಪಾತ ಯಾವುದು, ವಸ್ತುಸಂಗ್ರಹಾಲಯ ಯಾವುದು ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಪಾಪ, ದಿನಗೂಲಿಯ ವಾಚ್‌ಮನ್‌ಗೆ ನೋಟಿಸ್ ಹೋಗುತ್ತದೆ. ಬಾಗಿಲು ತೆರೆಯುವುದಿಲ್ಲ.

ನೀರು ಮಾತ್ರ ಕಣ್ಣು ತುಂಬುವಷ್ಟಿತ್ತು. ಇಳಿಯುವ ದಾರಿ ಪಾಚಿಗಟ್ಟಿದ ಬಂಡೆ. ಕೈ ಹಿಡಿಯಲು ಒಂದು ಕಂಬಿ ಇಲ್ಲ. ಮೊಳಕಾಲು ನೋವಿನ ಅಕ್ಕನನ್ನು ನಾನೊಂದು ಕಡೆ, ತಮ್ಮನೊಂದು ಕಡೆ ಹಿಡಿದು ಕುಂಡಿಯ ಮೇಲೆ ಜಾರಿಸುತ್ತಾ ಇಳಿಸಿದೆವು. ಅವಳಿಗೆ ಐವತ್ತೆಂಟು. "ಬಿಡ್ರೋ, ಸಣ್ಣಾಕಿ ಇದ್ದಾಗ ಹಿಂಗ ಜಾರತಿದ್ದೆ" ಅಂತ ನಕ್ಕಳು. ಆದರೆ ಮಧ್ಯಾಹ್ನದವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ಯಾಕೆ ಅಂತ ಕೇಳಿದ್ದು ನನ್ನ ದಡ್ಡತನ. ಹೆಣ್ಣುಮಕ್ಕಳು ಹೋಗಲು ಅಲ್ಲಿ ಒಂದು ಮರೆಯೂ ಇರಲಿಲ್ಲ. ನಮ್ಮ ಕಣ್ಣೆದುರಿಗೇ ಒಬ್ಬ ಹುಡುಗ ಸೆಲ್ಫಿ ತೆಗೆಯಲು ಹೋಗಿ ಜಾರಿದ. ಯಾರೋ ಅಂಗಿ ಹಿಡಿದು ಎಳೆದರು. "ಎಚ್ಚರಿಕೆ" ಎಂದು ಬರೆದ ಬೋರ್ಡಿನ ಮೇಲೆ ಅವನ ಗೆಳೆಯರು ಟವೆಲ್ ಒಣಹಾಕಿದ್ದರು.

ಇರಲಿ. ಮೂರು ಗಂಟೆಗೆ ವಸ್ತುಸಂಗ್ರಹಾಲಯ ಮುಟ್ಟಿದೆವು. ಬೋರ್ಡಿನಲ್ಲಿ ಬರೆದಿದೆ: ಬೆಳಿಗ್ಗೆ 10ರಿಂದ ಸಂಜೆ 5, ಸೋಮವಾರ ರಜೆ. ಬಾಗಿಲಿಗೆ ಕೀಲಿ.

ಹೈಸ್ಕೂಲಿನಿಂದ ಮಾಸ್ತರು ಕರಕೊಂಡು ಬಂದಾಗಲೂ ಕೀಲಿ. ಮಗನನ್ನು ಕರಕೊಂಡು ಬಂದಾಗಲೂ ಕೀಲಿ. ಕೀಲಿ ಬದಲಾಗಿದೆ ಅಂತ ಒಪ್ಪುತ್ತೇನೆ, ಈಗಿನದು ಹೊಸದು, ಹೊಳೆಯುತ್ತಿತ್ತು. ಚಹಾ ಅಂಗಡಿಯವರನ್ನು ಕೇಳಿದರೆ, "ಚಾವಿ ಸಾಹೇಬ್ರ ಕಡಿ ಐತ್ರಿ, ಸಾಹೇಬ್ರು ಮದಿವಿಗಿ ಹೋಗ್ಯಾರ್ರಿ" ಅಂದರು. ಅಂಗಳದಲ್ಲಿ ಒಂದು ವೀರಗಲ್ಲಿಗೆ ಮೋಟರ್‌ಸೈಕಲ್ ಆನಿಸಿ ನಿಲ್ಲಿಸಿದ್ದರು. ಊರಿನ ಹಸು ಕಾಯಲು ಹೋಗಿ ಸತ್ತವನ ಕಲ್ಲು ಅದು. ಈಗ ಬೈಕ್ ಕಾಯುತ್ತಿದ್ದಾನೆ.

ನಲವತ್ತು ನಿಮಿಷ ಕಾದೆವು. ಆಗ ಒಂದು ಬಿಳಿ ಕಾರು ಬಂತು. ಎಲ್ಲಿಂದಲೋ ಒಬ್ಬ ಓಡಿಬಂದು, ಜೇಬಿನಿಂದ ಚಾವಿ ತೆಗೆದು, ಬಾಗಿಲು ತೆರೆದ! ಕಾರಿನವರು ಒಳಗೆ ಹೋದರು, ಹತ್ತು ನಿಮಿಷ ಫೋಟೊ ಹೊಡೆಸಿಕೊಂಡರು, ಹೊರಗೆ ಬಂದರು. ಹಿಂದೆಯೇ ನಾವು ಮೆಟ್ಟಿಲೇರಿದರೆ, "ಟೈಮ್ ಆಯ್ತ್ರಿ." ಗಡಿಯಾರ ನೋಡಿದೆ. ನಾಲ್ಕು ಗಂಟೆ ಐದು ನಿಮಿಷ. ಅಕ್ಕ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳು. ಕಿಟಕಿಯ ಸರಳಿಗೆ ಮುಖ ಹಚ್ಚಿ ಒಳಗೆ ನೋಡಿದಳು. ಕತ್ತಲೆಯಲ್ಲಿ ಒಂದು ಮೂರ್ತಿಯ ಪಾದ ಕಂಡಿತಂತೆ.

ವಾಪಸು ಬರುವಾಗ ಕಾರಿನಲ್ಲಿ ಅವಳೇ ಸನ್ನತಿಯ ಮಾತು ತೆಗೆದಳು. 1986ರಲ್ಲಿ ಭೀಮಾ ದಂಡೆಯ ಆ ಊರಿನಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಮೂರ್ತಿ ಕೂರಿಸಲು ಅಕ್ಷರಗಳ ನಡುವೆ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಚಿತ್ರ, ಅದರ ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೋ", ಅಂದರೆ ರಾಜ ಅಶೋಕ, ಎಂಬ ಹೆಸರು, ಎರಡೂ ಸಿಕ್ಕವು. "ತೂತು ಕೊರದೋರಿಗೆ ಓದಾಕ ಬರ್ತಿರಲಿಲ್ಲ. ಇವರಿಗೆ ಬರ್ತದಲ್ಲೋ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ನಿಮ್ಮ ಹತ್ತಿರ ಇರಬಹುದು.

1961ರ ಪ್ರಾಚ್ಯ ಸ್ಮಾರಕಗಳ ಕಾಯ್ದೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ದಾಟಿದ್ದೂ, ನಮ್ಮ ಭಾಗದ ಹುಡುಗರಿಗೆ ಅದರಲ್ಲಿ ಉದ್ಯೋಗ ಮೀಸಲಿರುವುದೂ ನಿಮಗೆ ಗೊತ್ತು, ಪ್ರತಿ ಭಾಷಣದಲ್ಲಿ ನೀವೇ ಹೇಳುತ್ತೀರಿ. ಹಾಗಾದರೆ ಅದರಲ್ಲೇ ಇಬ್ಬರನ್ನು ಕೊಡಿ. ಕಮಾನು ಬೇಡ, ಉತ್ಸವ ಬೇಡ, ನಿಮ್ಮ ಫೋಟೊ ಇರುವ ಸ್ವಾಗತ ಫಲಕವಂತೂ ಬೇಡವೇ ಬೇಡ. ಬಾಗಿಲಿಗೊಬ್ಬ, ನೀರಿಗೊಬ್ಬ. ಆಮೇಲೆ ದುಡ್ಡು ಉಳಿದರೆ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಿಸಿ, ಅದಕ್ಕೆ ಮಾತ್ರ ಕೀಲಿ ಹಾಕಿಸಬೇಡಿ.

ಅಕ್ಕ ಮುಂದಿನ ಪಂಚಮಿಗೆ ಬರುತ್ತಾಳೆ. ಅಷ್ಟರೊಳಗೆ ಬಾಗಿಲು ತೆರೆಸಿ. ಬೋರ್ಡಿನಲ್ಲಿ ಬರೆದ ಹೊತ್ತಿಗೆ ತೆರೆಸಿ, ಬಿಳಿ ಕಾರು ಇಲ್ಲದವರಿಗೂ ತೆರೆಸಿ. ಮತ್ತೆ ಈ ಪತ್ರಕ್ಕೆ ದಯವಿಟ್ಟು ಸ್ವೀಕೃತಿ ಸಂಖ್ಯೆ ಕಳಿಸಬೇಡಿ. ನನ್ನ ಹತ್ತಿರ ಮೂರಿವೆ.

ಇಂತಿ,
ಮೂವರಲ್ಲಿ ನಡುವಿನವನು