ಸುರಕ್ಷತಾ ವಿಭಾಗಕ್ಕೆ ಸೇರುತ್ತಿರುವ ಪುಟ್ಟಿಗೆ

ಮೂಡಿಗೆರೆ

ಪ್ರೀತಿಯ ಪುಟ್ಟಿ,

ವಿಮಾನ ಕಂಪನಿಯ ಸುರಕ್ಷತಾ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು ನಾನು. ಫೋನಿನಲ್ಲಿ ಶುಭಾಶಯ ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ, ಅದಕ್ಕೇ ಈ ಕಾಗದ.

ಸೇರಿದ ದಿನವೇ ನಿನ್ನ ಮೇಜಿನ ಮೇಲೆ ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್ಮಿನ, ಅಂದರೆ ಅಪಾಯವನ್ನು ಮೊದಲೇ ಗುರುತಿಸಿ ತಡೆಯುವ ವ್ಯವಸ್ಥೆಯ, ದಪ್ಪ ಕೈಪಿಡಿ ಇಡುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊ 2013ರಲ್ಲಿ ಇದಕ್ಕಾಗಿಯೇ ಅನೆಕ್ಸ್ 19 ಅನ್ನುವ ನಿಯಮಾವಳಿ ತಂದಿತು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಇದನ್ನು ಕೇಳುತ್ತದೆ. ಅದನ್ನೆಲ್ಲ ನೀನು ಒಂದು ವಾರದಲ್ಲಿ ಓದಿ ಮುಗಿಸುತ್ತೀಯ. ಆದರೆ ಆ ಪುಸ್ತಕ ನಡೆಯಬೇಕಾದರೆ, ಕೆಳಗೆ ಕೆಲಸ ಮಾಡುವವನಿಗೆ ಗೊತ್ತಿರುವ ಕೆಟ್ಟ ಸುದ್ದಿ ಹೆದರಿಕೆಯಿಲ್ಲದೆ ಮೇಲಿನವರೆಗೂ ಬರಬೇಕು. ಅದನ್ನು ಬರುವಂತೆ ಮಾಡುವುದೇ ನಿನ್ನ ನಿಜವಾದ ಕೆಲಸ.

ಈಗ ಇಲ್ಲಿ ಮೆಣಸು ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಉದ್ದನೆಯ ಅಲ್ಯೂಮಿನಿಯಂ ಏಣಿ, ತೋಟದ ಮಧ್ಯೆ ಹಾದುಹೋದ ಕರೆಂಟು ತಂತಿ. ಏಣಿಯನ್ನು ನಿಲ್ಲಿಸಿಕೊಂಡೇ ಇನ್ನೊಂದು ಮರಕ್ಕೆ ಒಯ್ಯುವಾಗ ತುದಿ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ನೀನೂ ಚಿಕ್ಕಂದಿನಿಂದ ಕೇಳಿದ್ದೀಯ. ಗೇಣು ಅಂತರದಲ್ಲಿ ತಪ್ಪಿದ್ದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಹೇಳಿದರೆ ಬೈಗುಳ ತಿನ್ನಬೇಕು, ಇಲ್ಲವೇ ನಾಳೆಯಿಂದ ಕೆಲಸ ಇಲ್ಲ. ಹಾಗಾಗಿ ಆಳು ಬಾಯಿ ಬಿಡುವುದಿಲ್ಲ. ಬಿಟ್ಟಿದ್ದರೆ ಆ ಸಾಲನ್ನು ಕೊಯ್ಯುವ ದಿನ ಲೈನ್ ಆಫ್ ಮಾಡಿಸಬಹುದಿತ್ತು ಅಲ್ವಾ? ಹ್ಯಾಂಗರಿನಲ್ಲೂ ಹೀಗೇ.

1990ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಕಥೆಯನ್ನು ಹುಡುಕಿ ಪೂರ್ತಿ ಓದು. ವಿಮಾನ 17,000 ಅಡಿ ದಾಟಿದ ಮೇಲೆ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಹೋಯಿತು. ಅವರ ಅರ್ಧ ದೇಹ ಹೊರಗೆ ಎಳೆದುಹೋಯಿತು. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನ ಇಳಿಸಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ಗಾಜು ಹೊಸದಾಗಿ ಕೂರಿಸಿದ್ದೇ ಆಗಿತ್ತು. ಅದರ 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಸಪೂರ, ಉಳಿದ 6 ಗಿಡ್ಡ. ಹಾಕಿದವನು ಹೊಸ ಹುಡುಗನಲ್ಲ, ಆ ಪಾಳಿಯ ಮುಖ್ಯಸ್ಥನೇ. ಅಪರಾತ್ರಿ, ಜನ ಕಡಿಮೆ, ಬೋಲ್ಟ್ ಇಟ್ಟ ಕಡೆ ಬೆಳಕು ಸಾಲದು. ಬಿಚ್ಚಿದ ಹಳೆ ಬೋಲ್ಟ್ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲೇ ಹೊಸದನ್ನು ಆರಿಸಿದ. ಆ ಹಳೆಯವೂ ಬಹುಪಾಲು ತಪ್ಪು ಅಳತೆಯವೇ. ಇನ್ನೊಬ್ಬರು ಬಂದು ಪರೀಕ್ಷಿಸಬೇಕು ಅನ್ನುವ ನಿಯಮ ಆ ಕೆಲಸಕ್ಕೆ ಇರಲಿಲ್ಲ.

ಇಂಥವನನ್ನು ಮನೆಗೆ ಕಳಿಸಿದರೆ ಏನು ಸರಿಹೋಯಿತು? ನಾಳೆ ರಾತ್ರಿ ಅದೇ ಕತ್ತಲಲ್ಲಿ ಇನ್ನೊಬ್ಬ ಬಂದು ಅದೇ ಡಬ್ಬಿಗೆ ಕೈ ಹಾಕುತ್ತಾನೆ. ಗೊತ್ತಿದ್ದೂ ಬೇಕಂತಲೇ ನಿಯಮ ಮುರಿದವನಿಗೆ ಶಿಕ್ಷೆ ಆಗಲಿ, ನಾನು ಬೇಡ ಅನ್ನುವುದಿಲ್ಲ. ಕೈತಪ್ಪು ಮಾಡಿ ತಾನಾಗಿ ಬಂದು ಹೇಳಿದವನನ್ನು ಮಾತ್ರ ನೀನು ಕಾಯಬೇಕು. ಅವನ ಹೆಸರು ಕ್ಯಾಂಟೀನಿನಲ್ಲಿ ಒಂದು ಸಲ ಬಾಯಿತಪ್ಪಿ ಬಂದರೂ ಸಾಕು, ಆ ಹ್ಯಾಂಗರಿನಿಂದ ಆಮೇಲೆ ಒಂದು ರಿಪೋರ್ಟೂ ಬರುವುದಿಲ್ಲ. ಬಂದ ಪ್ರತಿಯೊಂದಕ್ಕೂ ಉತ್ತರ ಕೊಡು. ಏನೂ ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆ. ರಿಪೋರ್ಟ್ ಕಡಿಮೆಯಾದರೆ ಮೀಟಿಂಗಿನಲ್ಲಿ ಎಲ್ಲರೂ ಸಂತೋಷಪಡುತ್ತಾರೆ. ನಿನಗೆ ಚಿಂತೆ ಶುರುವಾಗಬೇಕು.

ಮಂಗಳೂರಿನ ವಿಮಾನ ದುರಂತ ನಮ್ಮ ಘಟ್ಟದ ಕೆಳಗೇ ಆದದ್ದು. 2010ರ ಮೇ 22, 158 ಜನ ಹೋದರು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದಿದ್ದರು, ಇಳಿಸಬೇಡಿ, ಮೇಲೇರಿ ಅಂತ. ಕ್ಯಾಪ್ಟನ್ ಕೇಳಲಿಲ್ಲ. ಸಹ ಪೈಲಟ್ ತಾವೇ ಕಂಟ್ರೋಲ್ ತೆಗೆದುಕೊಳ್ಳಲೂ ಇಲ್ಲ. ಅಂಥ ಹೊತ್ತಿನಲ್ಲಿ ಅವರ ಅಧಿಕಾರ ಎಷ್ಟು ಅನ್ನುವ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ, ಬಹುಶಃ ಅದಕ್ಕೇ ಹಾಗಾಯಿತು ಅಂತ ತನಿಖಾ ವರದಿ ಹೇಳಿತು. ಇದನ್ನು ಓದಿದಾಗ ನನಗೆ ತುಂಬಾ ಹೊತ್ತು ಸಂಕಟವಾಗಿತ್ತು. ನೀನು ಬರೆಯುವ ಒಂದೊಂದು ಸಾಲನ್ನೂ ಕಿರಿಯ ನೌಕರನೊಬ್ಬ ಅವಸರದಲ್ಲಿ, ಹಿರಿಯರೆದುರು ನಂಬಿಕೊಂಡು ನಿಲ್ಲಬೇಕಾಗುತ್ತದೆ ಅಂತ ತಿಳಿದು ಬರೆ.

ಇನ್ನು ರಿಸ್ಕ್ ಮ್ಯಾಟ್ರಿಕ್ಸ್, ಅಂದರೆ ಅಪಾಯ ಎಷ್ಟು ಅಂತ ಅಳೆಯುವ ಕೋಷ್ಟಕ. ಆಗುವ ಸಾಧ್ಯತೆಗೆ 1ರಿಂದ 5, ಹಾನಿಗೆ ಎ ಇಂದ ಇ, ಎರಡೂ ಕೂಡಿದರೆ ಕೆಂಪು, ಹಳದಿ, ಹಸಿರು. ಕೆಂಪು ಬಂದರೆ ವಿಮಾನ ನಿಲ್ಲಿಸಬೇಕಾದೀತು, ದುಡ್ಡು ಖರ್ಚಾದೀತು. ಆಗ ಯಾರಾದರೂ ಪ್ರೀತಿಯಿಂದಲೇ ಬಂದು ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲಮ್ಮ, 4 ಯಾಕೆ, 2 ಹಾಕು’ ಅನ್ನುತ್ತಾರೆ. ಜಗಳ ಬೇಡ. ‘ಹ್ಯಾಂಗರಿನಲ್ಲಿ ಏನು ಬದಲಾಗಿದೆ ಹೇಳಿ, ಹಾಕುತ್ತೇನೆ’ ಅನ್ನು. ಏನೂ ಬದಲಾಗದೆ ಅಂಕಿ ಮಾತ್ರ ಬದಲಾಗಕೂಡದು. ಒತ್ತಡ ಜಾಸ್ತಿಯಾದರೆ ನಿಮ್ಮ ಸೇಫ್ಟಿ ಮ್ಯಾನೇಜರ್‌ಗೆ ಅಕೌಂಟಬಲ್ ಮ್ಯಾನೇಜರ್, ಅಂದರೆ ಸುರಕ್ಷತೆಗೆ ಕೊನೆಯ ಹೊಣೆ ಹೊತ್ತ ಮೇಲಧಿಕಾರಿಯ ಹತ್ತಿರ ನೇರವಾಗಿ ಹೋಗುವ ದಾರಿ ಇರುತ್ತದೆ. ಅದು ಸುಮ್ನೆ ಚಾರ್ಟಿನಲ್ಲಿ ಗೀಟು ಎಳೆಯಲು ಇಟ್ಟದ್ದಲ್ಲ.

ಮೊದಲ ತಿಂಗಳಲ್ಲೇ ರಾತ್ರಿ ಪಾಳಿಯವರ ಜೊತೆ ಇರಲು ಅನುಮತಿ ಕೇಳು. ನೋಟ್‌ಬುಕ್ ಹಿಡಿದುಕೊಂಡು ಹೋಗಬೇಡ, ಅವರು ಗಪ್‌ಚುಪ್ ಆಗಿಬಿಡುತ್ತಾರೆ. ಟೀ ಕುಡಿ, ಕೇಳಿಸಿಕೋ. ಸ್ಟೋರ್ಸಿನ ಮುಂದೆ ನಿಂತು ಪಾರ್ಟ್ ನಂಬರ್ ಓದಲು ಬೆಳಕು ಸಾಕಾ ನೋಡು. ಪಾಳಿ ಬದಲಾಗುವಾಗ ಅರ್ಧಕ್ಕೆ ನಿಂತ ಕೆಲಸವನ್ನು ಬರೆದು ಒಪ್ಪಿಸುತ್ತಾರೋ, ಬಾಯಲ್ಲಿ ಹೇಳಿ ಬಸ್ಸು ಹತ್ತುತ್ತಾರೋ ಗಮನಿಸು. ನನ್ನನ್ನು ಕೇಳಿದರೆ ನಿನ್ನ ಕೆಲಸವನ್ನು ಅಲ್ಲಿಂದಲೇ ಶುರುಮಾಡು.

ದೊಡ್ಡಮ್ಮ ನಿನಗೆ ಕಾಫಿಪುಡಿ ತೆಗೆದಿಟ್ಟಿದ್ದಾಳೆ. ಸೇರುವ ಮುಂಚೆ ಒಂದು ಸಲ ಬಂದು ಹೋಗು.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ