ಯಾವ ಕಡೆ ಎಂದು ಹೇಳಿ ಹೋಗು

ಮೈಸೂರು
ಜನವರಿ 9

ಚಿ. ಶಾಲ್ಮಲಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಸೌದೆ ಒಲೆ, ಹೆಪ್ಪುಗಟ್ಟಿದ ಯೂಕಾನ್ ನದಿ, ಆಚೆ ದಡದಲ್ಲಿ ಕಾಣುವ ಡಾಸನ್ ಪಟ್ಟಣದ ದೀಪಗಳು, ಎಲ್ಲವನ್ನೂ ಎರಡೆರಡು ಸಲ ಓದಿದೆ. ಮೂರನೆಯ ಪುಟದ ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟುಬಿಟ್ಟೆ. “ಯಾರಿಗೂ ಹೇಳದೆ ಹೊರಟುಬಿಡುತ್ತೇನೆ ದೊಡ್ಡಪ್ಪ, ಇಲ್ಲಿನ ಸುಖವೇ ಅದು” ಎಂದು ಬರೆದಿದ್ದೀಯ. ಅದನ್ನು ಓದಿ ಮೂರು ರಾತ್ರಿಗಳಾದವು, ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಆ ಸುಖ ಈ ಮುದುಕನಿಗೇನು ಗೊತ್ತು ಎಂದುಕೊಳ್ಳಬೇಡ. ಕೆನಡಾದ ಆ ಯೂಕಾನ್ ಪ್ರದೇಶವೆಂದರೆ ಕರ್ನಾಟಕದ ಎರಡೂವರೆ ಪಟ್ಟು ವಿಸ್ತಾರದ ನಾಡು, ಇಂದಿಗೂ ಅಲ್ಲಿರುವ ಜನ ಐವತ್ತು ಸಾವಿರದ ಆಸುಪಾಸು, ಅವರಲ್ಲೂ ಹೆಚ್ಚಿನವರು ವೈಟ್‌ಹಾರ್ಸ್ ಪಟ್ಟಣವೊಂದರಲ್ಲೇ. ಮೊದಲ ಸಲ ಒಗಿಲ್ವಿ ಬೆಟ್ಟಗಳಲ್ಲಿ ನಮ್ಮನ್ನು ಇಳಿಸಿ ಹೆಲಿಕಾಪ್ಟರ್ ಹೊರಟುಹೋದ ಮೇಲೆ ನಾನು ಒಂದು ಬಂಡೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಯಾವ ಊರು, ಯಾರ ಮಗ, ಸಂಬಳ ಎಷ್ಟು ಎಂದು ಕೇಳುವವರೇ ಇಲ್ಲದ ಜಾಗವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗ ನನಗೆ ಇಪ್ಪತ್ತೇಳು. ಹಾಗಾಗಿ ಹೋಗಬೇಡ ಎಂದು ನಿನಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳದೆ ಹೋಗಬೇಡ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ನಿನ್ನ ದೊಡ್ಡಮ್ಮನಿಗೂ ನಾನು ಪೂರ್ತಿಯಾಗಿ ಹೇಳದೆ ಉಳಿಸಿಕೊಂಡ ಒಂದು ಸಂಗತಿಯಿದೆ. 1976ರ ಸೆಪ್ಟೆಂಬರ್. ಖನಿಜ ಸಮೀಕ್ಷೆಯ ನಮ್ಮ ಶಿಬಿರದಲ್ಲಿ ಐದು ಗುಡಾರಗಳಿದ್ದವು. ವಾಪಸಾಗಲು ಇನ್ನೊಂದು ವಾರ ಇತ್ತು, ಮೊದಲ ಹಿಮ ಬಿದ್ದಿತ್ತು. ನನ್ನ ಗುಡಾರದಲ್ಲೇ ಇದ್ದ ಫಿನ್ಲೆಂಡ್ ಮೂಲದ ಹುಡುಗ ಬೆಳಗ್ಗೆ ಹೊರಗೆ ನಿಂತು ಬೂಟಿನ ದಾರ ಬಿಗಿಯುತ್ತಿದ್ದ. ಎಡಗಾಲಿನ ದಾರ ತುಂಡಾಯಿತು. ಎರಡೂ ತುದಿಗಳನ್ನು ಸೇರಿಸಿ ಗಂಟು ಹಾಕಿ, ನನ್ನತ್ತ ನೋಡಿ ನಕ್ಕು, ಸುತ್ತಿಗೆ ತೆಗೆದುಕೊಂಡು ನಡೆದ. ಯಾವ ಕಡೆ ಎಂದು ನಾನು ಕೇಳಲಿಲ್ಲ.

ಏಕೆ ಕೇಳಲಿಲ್ಲ ಗೊತ್ತೇ? ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ಅಮ್ಮ ನಮಗೆ ಕಲಿಸಿದ್ದಳು. ಕೆಜಿಎಫ್‌ನ ಆ ಚಿಕ್ಕ ಮನೆಯಲ್ಲಿ ನಿನ್ನ ತಾತ ಪಾಳಿಗೆ ಹೊರಟಾಗ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಕೇಳುವ ಅಗತ್ಯವೂ ಇರಲಿಲ್ಲ. ಗಣಿಗೆ ಇಳಿಯುವವರು ತಮ್ಮ ಸಂಖ್ಯೆಯ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು ಇಳಿಯುತ್ತಿದ್ದರು, ಮೇಲೆ ಬಂದ ಮೇಲೆ ಹಿಂದಕ್ಕೆ ಪಡೆಯುತ್ತಿದ್ದರು. ಒಂದು ಬಿಲ್ಲೆ ಅಲ್ಲೇ ಉಳಿದರೆ ಒಬ್ಬ ಮನುಷ್ಯ ಕೆಳಗಿದ್ದಾನೆ ಎಂದು ಲೆಕ್ಕ. ಇದು ನನಗೆ ಹೊಳೆದದ್ದು ತೀರ ತಡವಾಗಿ. ಅಮ್ಮನ ಮಾತನ್ನು ಬೆಟ್ಟದವರೆಗೂ ಹೊತ್ತುಕೊಂಡು ಹೋದೆ, ಅಪ್ಪನ ಬಿಲ್ಲೆಯನ್ನು ಮರೆತೆ.

ಸಂಜೆ ರೇಡಿಯೊ ಕರೆಯ ಹೊತ್ತಿಗೂ ಅವನು ಬರಲಿಲ್ಲ. ಬರುತ್ತಾನೆ ಎಂದುಕೊಂಡೆ. ಗುಡಾರದ ಹೊರಗೆ ಲಾಟೀನು ಇಟ್ಟೆ. ಆಮೇಲೆ ಮಲಗಿ ನಿದ್ದೆ ಹೋದೆ. ಐವತ್ತು ವರ್ಷಗಳಾಗುತ್ತ ಬಂದರೂ ಆ ನಿದ್ದೆಯನ್ನು ನನಗೆ ಕ್ಷಮಿಸಿಕೊಳ್ಳಲು ಆಗಿಲ್ಲ. ಮರುದಿನ ಹೆಲಿಕಾಪ್ಟರ್ ಬಂದಾಗ, ಅವನು ಹಿಂದಿನ ದಿನವೆಲ್ಲ ಪೂರ್ವದ ಕಣಿವೆಯ ಮಾತಾಡಿದ್ದನಲ್ಲ ಎಂದು ಅತ್ತ ಕೈ ತೋರಿಸಿದವನೂ ನಾನೇ. ಅವನು ಸಿಕ್ಕಿದ್ದು ಪಶ್ಚಿಮದಲ್ಲಿ, ಮೂರನೆಯ ದಿನ, ಕಾಲು ಮುರಿದುಕೊಂಡು, ಸತ್ತ ಸ್ಪ್ರೂಸ್ ಮರದ ಬುಡಕ್ಕೆ ಒರಗಿ. ಜೀವ ಉಳಿಯಿತು. ಎಡಪಾದ ಉಳಿಯಲಿಲ್ಲ. ಗಂಟು ಹಾಕಿದ್ದ ಆ ದಾರವನ್ನು ಬಿಚ್ಚಲಾಗದೆ ಕತ್ತರಿಸಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಆಸ್ಪತ್ರೆಗೆ ಹೋಗಿ ಅವನ ಮುಖ ನೋಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಹತ್ತು ಹನ್ನೆರಡು ವರ್ಷ ಪ್ರತಿ ಕ್ರಿಸ್‌ಮಸ್‌ಗೆ ಅವನಿಂದ ಕಾರ್ಡ್ ಬರುತ್ತಿತ್ತು. ಒಂದರಲ್ಲೂ ನನ್ನನ್ನು ದೂರಿರಲಿಲ್ಲ. ಆಮೇಲೆ ಕಾರ್ಡುಗಳು ನಿಂತವು.

ನೀನು ಓಡಾಡುವ ಡೆಂಪ್‌ಸ್ಟರ್ ಹೆದ್ದಾರಿಯ ಹೆಸರಿನ ಹಿಂದಿನ ಕಥೆಯನ್ನು ಅಲ್ಲಿ ಯಾರಾದರೂ ಹೇಳಿರಬಹುದು. 1910ರ ಡಿಸೆಂಬರ್‌ನಲ್ಲಿ ಅಲ್ಲಿನ ಪೊಲೀಸ್ ಪಡೆಯ ಇನ್‌ಸ್ಪೆಕ್ಟರ್ ಫಿಟ್ಜ್‌ಜೆರಾಲ್ಡ್ ಮೂವರೊಂದಿಗೆ ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್‌ಗೆ ನಾಯಿಗಾಡಿಗಳಲ್ಲಿ ಹೊರಟರು. ಬೇಗ ತಲುಪಬೇಕೆಂದು ಆಹಾರವನ್ನು ಕಡಿಮೆ ಹೊತ್ತರು. ದಾರಿ ತೋರಿಸಿದ, ಅಲ್ಲಿನ ಮೂಲನಿವಾಸಿ ಗ್ವಿಚಿನ್ ಜನಾಂಗದವನನ್ನು ಹೊಸ ವರ್ಷದ ದಿನ ಹಿಂದಕ್ಕೆ ಕಳಿಸಿದರು. ತಿರುಗಬೇಕಾದ ತೊರೆ ಕೊನೆಗೂ ಸಿಗಲಿಲ್ಲ. ಹಿಂದಿರುಗುತ್ತ ನಾಯಿಗಳನ್ನೇ ತಿಂದರು, ಹೊರಟ ಜಾಗಕ್ಕೆ ಅರವತ್ತು ಕಿಲೋಮೀಟರಿಗಿಂತ ಹತ್ತಿರದಲ್ಲಿ ನಾಲ್ವರೂ ಸತ್ತರು. ಫೆಬ್ರುವರಿ ಕೊನೆಗೆ ಡಾಸನ್‌ನಿಂದ ಹುಡುಕಲು ಹೊರಟವರು ಕಾರ್ಪೊರಲ್ ಡೆಂಪ್‌ಸ್ಟರ್. ನನಗೆ ಇದರಲ್ಲಿ ಕಾಣುವುದು ಒಂದೇ. ಅವರು ಬಾರದಿದ್ದಾಗ ಬರಲಿಲ್ಲ ಎಂದು ಗೊತ್ತಾಗುವ ಜನ ಡಾಸನ್‌ನಲ್ಲಿದ್ದರು, ಹುಡುಕಲು ಒಂದು ದಾರಿಯಾದರೂ ಇತ್ತು. ನೀನು ಹೇಳದೆ ಹೊರಟ ದಿನ ನಿನ್ನನ್ನು ಕಾಯುವವರೇ ಇರುವುದಿಲ್ಲವಲ್ಲ ಮಗಳೇ. ನೀನು ಬಾರದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಈ ಮಾತನ್ನು ಬರೆಯುವಾಗಲೇ ನನ್ನ ಕೈ ನಡುಗುತ್ತಿದೆ.

ನದಿಯ ಮೇಲೆ ನಡೆಯುವ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಆದರೂ ಹೇಳುತ್ತೇನೆ. ಹಿಮದ ಹೊದಿಕೆಯ ಅಡಿಯಲ್ಲಿ, ಮಂಜುಗಡ್ಡೆಯ ಮೇಲೆ ಉಕ್ಕಿಬಂದ ನೀರು ಹೆಪ್ಪುಗಟ್ಟದೆ ನಿಂತಿರುತ್ತದೆ. ಅಲ್ಲಿಯವರು ಅದನ್ನು ಓವರ್‌ಫ್ಲೋ ಎನ್ನುತ್ತಾರೆ. ಕೈಯಲ್ಲಿ ಕೋಲಿರಲಿ, ಮುಂದೆ ಕುಟ್ಟಿ ನೋಡಿ ಹೆಜ್ಜೆಯಿಡು. ಒಣ ಉಣ್ಣೆಯ ಕಾಲುಚೀಲ ಇನ್ನೊಂದು ಜೊತೆ ಇರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಕೊಂಡಿದ್ದೇನೆ ಎಂದು ಬರೆದಿದ್ದೀಯ, ಸಂತೋಷ. ಅದನ್ನು ಚೀಲದಲ್ಲಿಡಬೇಡ, ಕೋಟಿನ ಒಳಗೆ ಮೈಗೆ ತಾಗಿಸಿ ಇಟ್ಟುಕೋ, ಮೈನಸ್ ನಲವತ್ತರಲ್ಲಿ ಬ್ಯಾಟರಿ ಬೇಗ ಸಾಯುತ್ತದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಈಗ ಒಂದೂ ನೆನಪಾಗುತ್ತಿಲ್ಲ. ಈ ಕಾಲದ ಬಟ್ಟೆ, ಸಲಕರಣೆಗಳ ಬಗ್ಗೆ ನನಗೆ ತಿಳಿಯದು, ಕ್ಷಮಿಸು.

ಆ ಯಂತ್ರವೂ ನೀನು ಗುಂಡಿ ಒತ್ತಿದರೆ ತಾನೇ ಮಾತಾಡುವುದು? ಒತ್ತುವ ಸ್ಥಿತಿಯಲ್ಲಿ ಕೈ ಇರದಿದ್ದರೆ? ಅದಕ್ಕೇ ಮತ್ತೆ ಅದೇ ಮಾತಿಗೆ ಬರುತ್ತೇನೆ. ನಿನಗೆ ಬೇಸರವಾದರೂ ಸರಿ.

ಪಕ್ಕದ ಕ್ಯಾಬಿನ್ನಿನಲ್ಲಿ ನಾಯಿಗಳನ್ನು ಸಾಕಿರುವ ಆ ಹೆಂಗಸಿಗೆ ಹೇಳಿ ಹೋಗು. ನದಿಯ ಮೇಲ್ಭಾಗವೋ ಕೆಳಭಾಗವೋ, ಎಷ್ಟು ಹೊತ್ತಿಗೆ ಹಿಂದಿರುಗುತ್ತೀಯೋ, ಅಷ್ಟು ಸಾಕು. ಹೇಳಿದರೆ ಆ ಏಕಾಂತ ಕೆಟ್ಟುಹೋಗುತ್ತದೆ ಎನಿಸಬಹುದು ನಿನಗೆ. ನನಗೂ ಹಾಗೇ ಅನಿಸುತ್ತಿತ್ತು. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ಆ ಮಾತನ್ನು ಕೇಳಿಸಿಕೊಳ್ಳಲು ಎದುರಿಗೆ ಒಬ್ಬರು ಇರಬೇಕು, ಅಷ್ಟೇ ನಾನು ಕೇಳುವುದು.

ಆಕೆಗೆ ಹೇಳಲು ಸಂಕೋಚವಾದರೆ ನನಗೆ ಮೊಬೈಲಿನಲ್ಲಿ ಒಂದು ಸಾಲು ಕಳಿಸು. ನಿನಗೆ ಬೆಳಗಿನ ಒಂಬತ್ತೆಂದರೆ ಇಲ್ಲಿ ರಾತ್ರಿ ಒಂಬತ್ತೂವರೆ, ನಾನು ಎದ್ದೇ ಇರುತ್ತೇನೆ. ಮರಳಿ ಬಂದ ಮೇಲೆ ಇನ್ನೊಂದು ಕಳಿಸು. ಆಗ ಇಲ್ಲಿ ನಡುರಾತ್ರಿ ಕಳೆದಿದ್ದರೂ ಪರವಾಗಿಲ್ಲ, ಫೋನಿನ ಸದ್ದನ್ನು ಜೋರಾಗಿಯೇ ಇಟ್ಟು ಮಲಗುತ್ತೇನೆ.

ಇಂತು ನಿನ್ನ
ದೊಡ್ಡಪ್ಪ